ಕಳಸಕ್ಕಿಂತ ಒಂದು ಮೊಳ ಕೆಳಗೆ

ಚಿಂತೆ ಮಾಡುವುದಕ್ಕೆ ಎಲ್ಲರಿಗೂ ಒಂದು ಕಾರಣ ಬೇಕಂತೆ. ನನಗೆ ಬೇಡ. ಕಾರಣವೇ ಇಲ್ಲದೆ ನಾನು ಬೆಳಗಿನ ಕಾಫಿಯಿಂದ ಸಂಜೆಯ ದೀಪದವರೆಗೆ ಸಲೀಸಾಗಿ ಚಿಂತಿಸಬಲ್ಲೆ. ಕಾರಣ ಸಿಕ್ಕಿದ ದಿನವಂತೂ ಬಹುಕಾಲ ಅಲೆದವನಿಗೆ ಸರ್ಕಾರಿ ನೌಕರಿ ಸಿಕ್ಕಿದ ಹಾಗೆ ಮೈಯಲ್ಲೊಂದು ಲವಲವಿಕೆ ಬಂದುಬಿಡುತ್ತದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, ಡ್ರೈವರಿಗೆ ಏನೋ ಅವಸರವಿದೆ, ದಾರಿಯಲ್ಲಿ ಏನು ಮಾಡುತ್ತಾನೋ ಎಂಬ ಚಿಂತೆ. ಬಸ್ಸು ತಡವಾದರೆ ಕೇಳುವುದೇ ಬೇಡ. ನನ್ನ ಹೆಂಡತಿ ಇದನ್ನು ತವರಿನವರ ಮುಂದೆ ವರ್ಣಿಸುವ ರೀತಿಯೇ ಬೇರೆ. "ಇವರಿಗೆ ಗಡಿಯಾರ ನಿಂತ್ರೆ ಯಾಕೆ ನಿಂತು ಅಂತ ಯೋಚನೆ, ನಡೀತಿದ್ರೆ ಇನ್ನೂ ಯಾಕೆ ನಿಂತಿಲ್ಲ ಅಂತ ಯೋಚನೆ" ಎನ್ನುತ್ತಾಳೆ. ಇಂಥವನನ್ನು ತಮ್ಮ ಅಕ್ಕಿ ಗಿರಣಿಗೆ ಮ್ಯಾನೇಜರನ್ನಾಗಿ ಮಾಡಿಕೊಂಡವರು ಮಲ್ಲೇಶಪ್ಪನವರು. ಅವರದು ತಪ್ಪೆಂದು ನಾನು ಹೇಳಲಾರೆ. ಯಜಮಾನರಾದವರು ನಿಶ್ಚಿಂತರಾಗಿರಬೇಕಾದರೆ ಅವರ ಪಾಲಿನ ಚಿಂತೆಯನ್ನು ಸಂಬಳಕ್ಕೆ ಮಾಡುವವನೊಬ್ಬ ಬೇಕಷ್ಟೆ.

ಗಿರಣಿ ಇದ್ದದ್ದು ಶಿವಮೊಗ್ಗದ ಕೋಟೆಯ ಮಗ್ಗುಲಲ್ಲಿ. ನಮ್ಮ ಮನೆ ಗಿರಣಿಯ ಹಿಂದಿನ ಕೇರಿಯಲ್ಲಿ. ಮನೆ ಹಿಡಿಯುವಾಗ ಬಾವಿಯ ನೀರು ನೋಡಿದೆ, ಹೆಂಚು ಎಣಿಸಿದೆ, ಹಾವು ಬರುವ ಸಂದುಗಳಿವೆಯೇ ಎಂದು ಗೋಡೆಯುದ್ದಕ್ಕೂ ಕೂತು ಎದ್ದು ಪರೀಕ್ಷಿಸಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದೊಂದನ್ನು ಬಿಟ್ಟೆ. ನಮ್ಮಂಥವರ ಹಣೆಬರಹವೇ ಇಷ್ಟು. ಎಲ್ಲದರ ಚಿಂತೆಯನ್ನೂ ಮಾಡಿ ಮುಗಿಸಿರುತ್ತೇವೆ, ಬೇಕಾದ್ದೊಂದನ್ನು ಬಿಟ್ಟು. ಭತ್ತ ಬೇಯಿಸುವ ಬಾಯ್ಲರಿಗೆ ಭತ್ತದ ಹೊಟ್ಟೇ ಉರುವಲು. ಸುಟ್ಟ ಹೊಟ್ಟು ಹೊಗೆಯ ಜೊತೆ ಚಿಮಣಿಯಿಂದ ಹಾರಿ, ಕರೀ ಹಾತೆಗಳ ಹಾಗೆ ಒಂದಷ್ಟು ಹೊತ್ತು ಗಾಳಿಯಲ್ಲಿ ಆಟವಾಡಿ, ಕೊನೆಗೆ ದಣಿವಾರಿಸಿಕೊಳ್ಳುವುದಕ್ಕೆ ನಮ್ಮ ಕೇರಿಯ ಮೇಲೆ ಇಳಿಯುತ್ತಿತ್ತು. ಚಿಮಣಿ ಎತ್ತರವಾಗಿದ್ದರೆ ಈ ತಂಟೆಯಿರಲಿಲ್ಲ. ಆದರೆ ಮಲ್ಲೇಶಪ್ಪನವರ ತಂದೆಯವರು ಗಿರಣಿ ಕಟ್ಟಿಸುವಾಗ, ಪಕ್ಕದ ಈಶ್ವರನ ಗುಡಿಯ ಕಳಸಕ್ಕಿಂತ ನಮ್ಮ ಹೊಗೆ ಮೇಲೆ ಹೋಗಕೂಡದು ಎಂದು ಭಕ್ತಿಯಿಂದ ಒಂದು ಮೊಳ ಕೆಳಗೇ ನಿಲ್ಲಿಸಿದ್ದರು. ಗುಡಿಯೋ ಪುಟ್ಟದು. ದೇವರಿಗೆ ತೋರಿಸಿದ ವಿನಯವೆಲ್ಲ ಕೇರಿಯವರ ತಲೆಯ ಮೇಲೆ ಬೀಳುತ್ತಿತ್ತು.

ಮಲ್ಲೇಶಪ್ಪನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಗುಡಿಯ ಕಳಸಕ್ಕೆ ಚಿನ್ನದ ಮುಲಾಮು ಹಾಕಿಸಿದವರು ಅವರು. ಬೇಸಗೆ ಬಂತೆಂದರೆ ಗಿರಣಿಯ ಮುಂದೆ ಅರವಟ್ಟಿಗೆ, ದಾರಿಹೋಕರಿಗೆಲ್ಲ ನೀರುಮಜ್ಜಿಗೆ. ಶಾಲೆಗೆ ಬೆಂಚು, ಹೆರಿಗೆ ಆಸ್ಪತ್ರೆಗೆ ಕಂಬಳಿ. "ಊರಿಂದ ತಗೊಂಡದ್ದನ್ನ ಊರಿಗೆ ಕೊಡಬೇಕು ರಾಯರೇ" ಎಂದು ಅವರು ಹೇಳುವಾಗಲೆಲ್ಲ, ನಾವು ಊರಿಗೆ ಕೊಡುತ್ತಿರುವುದರಲ್ಲಿ ಈ ಕರಿಯೂ ಒಂದು ಎಂಬ ಮಾತು ನನ್ನ ಗಂಟಲವರೆಗೆ ಬಂದು, ಅಲ್ಲೇ ಎಲೆ ಹಾಸಿಕೊಂಡು ಕೂತುಬಿಡುತ್ತಿತ್ತು. ಯುಗಾದಿಗೆ ಅವರೇ ಕೊಟ್ಟ ಪಂಚೆಯನ್ನು ಉಟ್ಟುಕೊಂಡು ಅವರಿಗೇ ಅಂಥ ಮಾತು ಹೇಳುವುದು ಹೇಗೆ? ಕೇರಿಯಲ್ಲಿ ಎಲ್ಲರಿಗೂ ಇಂಥದೊಂದು ಪಂಚೆ ಇತ್ತು. ಒಬ್ಬರ ಮಗನಿಗೆ ಶಾಲೆಯ ಪುಸ್ತಕ, ಇನ್ನೊಬ್ಬರ ಬಾಣಂತನಕ್ಕೆ ಅಕ್ಕಿ. ಹೀಗಾಗಿ ಕೇರಿಗೆ ಕೇರಿಯೇ ಬಾಯಿ ಮುಚ್ಚಿಕೊಂಡು ಕರಿಯನ್ನು ಸಹಿಸುತ್ತಿತ್ತು. ಬಾಯಿ ಮುಚ್ಚಿಕೊಳ್ಳುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಗಿತ್ತು, ತೆರೆದರೆ ಅದರೊಳಗೂ ಬೀಳುವಂಥದು.

ಆ ವರ್ಷ ಬೇಸಗೆಯಲ್ಲಿ ಮಲ್ಲೇಶಪ್ಪನವರ ಮಗಳ ಮದುವೆ ಗೊತ್ತಾಯಿತು. ಮದುವೆಯ ಹಪ್ಪಳ ಸಂಡಿಗೆಯನ್ನು ಅವರ ಮನೆಯವರು ನಮ್ಮ ಕೇರಿಯ ಗೌರಮ್ಮನವರಿಗೆ ಒಪ್ಪಿಸಿದರು. ಗೌರಮ್ಮನವರು ಗಂಡ ತೀರಿಕೊಂಡ ಮೇಲೆ ಸಂಡಿಗೆಯಿಂದಲೇ ಮನೆ ನಡೆಸಿ ಹೆಣ್ಣುಮಕ್ಕಳನ್ನು ಓದಿಸುತ್ತಿದ್ದವರು. ಕೇರಿಯಲ್ಲಿ ಹೆಂಚಿಲ್ಲದ ತಾರಸಿ ಮನೆ ಅವರದೊಂದೇ. ಹೀಗಾಗಿ ಉಳಿದ ಹೆಂಗಸರೂ ಅಲ್ಲೇ ಸೇರಿ, ಅವರ ಜೊತೆ ಕೈಗೂಡಿಸಿ, ಕೂಲಿಯನ್ನೂ ಮಾತನ್ನೂ ಹಂಚಿಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಮನೆಯ ಮದುವೆಯಲ್ಲಿ ತಮ್ಮ ಸಂಡಿಗೆ ಎಲೆಗೆ ಬಿದ್ದರೆ ಆಮೇಲೆ ಜಿಲ್ಲೆಯ ಮದುವೆಗಳೆಲ್ಲ ತಮ್ಮ ತಾರಸಿಗೇ ಬರುತ್ತವೆಂದು ಗೌರಮ್ಮನವರ ಲೆಕ್ಕಾಚಾರ. ಕೆಟ್ಟುಹೋದರೆ ಏನಾಗುತ್ತದೆಂಬುದನ್ನು ಅವರು ಲೆಕ್ಕ ಹಾಕಿರಲಿಲ್ಲ. ಅದನ್ನು ನಾನು ಹಾಕಿದ್ದೆ.

ಮೊದಲ ದಿನದ ಸಂಡಿಗೆ ಇಟ್ಟ ಮಧ್ಯಾಹ್ನ ಗೌರಮ್ಮನವರು ಒಂದು ಮೊರ ಹಿಡಿದುಕೊಂಡು ನಮ್ಮ ಮನೆಯ ಜಗಲಿಗೆ ಬಂದರು. "ರಾಯರೇ, ಇದೇನು ಹೇಳಿ ನೋಡೋಣ?"

"ಅರಳು ಸಂಡಿಗೆ" ಎಂದೆ.

"ಸರಿಯಾಗಿ ನೋಡಿ."

ಕನ್ನಡಕ ಏರಿಸಿ ನೋಡಿದೆ. "ಎಳ್ಳು ಹಾಕಿದ್ದೀರಿ ಅಂತ ಕಾಣುತ್ತೆ. ಚೆನ್ನಾಗಿದೆ."

"ಎಳ್ಳು ಹಾಕಿದ್ದು ನಾನಲ್ಲ ಮಾರಾಯ್ರೇ, ನಿಮ್ಮ ಗಿರಣಿ" ಎಂದರು ಗೌರಮ್ಮ.

ಒಳಗಿನಿಂದ ನನ್ನ ಹೆಂಡತಿ, "ಎಳ್ಳು ಬಿಡೋದು ತಿಥಿಗೆ. ಮದುವೆಗೆ ಬಿಡಿಸ್ತಿರೋದು ಇವರ ಗಿರಣಿಯವರೇ ಮೊದಲು" ಎಂದು ಒಗ್ಗರಣೆ ಹಾಕಿದಳು. ಒಣಗಿದ ವಸ್ತುವಿನ ಮೇಲೆ ಕರಿ ಬಿದ್ದರೆ ಹೇಗೋ ತೆಗೆಯಬಹುದು. ಹಸಿ ಸಂಡಿಗೆಯ ಮೇಲೆ ಕೂತದ್ದು ಅದರ ಜೊತೆಗೇ ಒಣಗಿ, ಎಣ್ಣೆಗೆ ಬಿಟ್ಟಾಗ ಅದರ ಜೊತೆಗೇ ಅರಳುತ್ತದೆ. "ಮದುವೆ ಹತ್ತಿರ ಬಂತು. ಹಿಟ್ಟು ಇನ್ನೊಂದು ಸಲ ಕಾಯಿಸ್ತೀನಿ. ಬಿಸಿಲಿರೋ ಹೊತ್ತಲ್ಲಿ ನಿಮ್ಮ ಬಾಯ್ಲರು ನಿಲ್ಲಿಸ್ಬೇಕು, ಇಲ್ಲ ಚಿಮಣಿ ಏರಿಸ್ಬೇಕು. ಯಜಮಾನರಿಗೆ ಹೇಳ್ತೀರೋ ಇಲ್ಲವೋ?" ಎಂದು ಗೌರಮ್ಮನವರು ನನ್ನನ್ನೇ ನೋಡಿದರು. ಹೇಳ್ತೀನಿ ಎಂದೆ.

ಮಾರನೆಯ ದಿನ ಗಿರಣಿಗೆ ಹೋಗುವ ದಾರಿಯಲ್ಲೇ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಮಲ್ಲೇಶಪ್ಪನವರು ಗಾದಿಯ ಮೇಲೆ ಕೂತು, ಲಗ್ನಪತ್ರಿಕೆಗಳ ಮೂಲೆಗೆ ಅರಿಸಿನ ಹಚ್ಚುತ್ತಿದ್ದರು. ಇಂಥ ಶುಭಕಾರ್ಯದ ನಡುವೆ ಕರಿಯ ಮಾತೆತ್ತುವುದೇ ಎಂದು ಒಂದು ಸುತ್ತು ಹೊರಗೆ ಹೋಗಿ ಬಂದೆ. ಆಮೇಲೆ, "ಯಜಮಾನ್ರೇ, ಈ ಸಲ ಗಾಳಿ ಸ್ವಲ್ಪ..." ಎಂದು ಶುರುಮಾಡಿದೆ.

"ಹೌದು ರಾಯರೇ, ಒಳ್ಳೇ ಗಾಳಿ! ಸೆಕೆ ಅನ್ನೋದೇ ಗೊತ್ತಾಗ್ತಿಲ್ಲ" ಎಂದರು ಸಂತೋಷದಿಂದ.

ಗಾಳಿಯ ಗುಣಗಾನದಲ್ಲಿ ಒಂದಷ್ಟು ಹೊತ್ತು ಕಳೆಯಿತು. ಕೊನೆಗೆ ಹೇಗೋ ಕರಿ, ಸಂಡಿಗೆ, ಕೇರಿ ಎಂಬ ಮೂರು ಪದಗಳನ್ನು ಉದುರಿಸಿದೆ. ಅವರ ಮುಖ ಬಾಡಿಹೋಯಿತು. ನಿಜವಾಗಿಯೂ ನೊಂದುಕೊಂಡರು. "ಅಯ್ಯೋ ಪಾಪ! ಹೆಣ್ಣುಮಕ್ಕಳು ಕಷ್ಟಪಟ್ಟು ಮಾಡಿದ್ದು ಹಾಳಾಯ್ತಾ? ರಾಯರೇ, ಈಗಲೇ ಗಾಂಧಿ ಬಜಾರಿಗೆ ಆಳು ಕಳಿಸಿ. ಕೇರಿಯ ಪ್ರತಿ ಮನೆಗೂ ಗಿರಣಿ ವತಿಯಿಂದ ಸಂಡಿಗೆ ಕೊಡಿಸೋಣ. ಅರವಟ್ಟಿಗೆ ಪಕ್ಕದಲ್ಲೇ ಒಂದು ಶಾಮಿಯಾನ ಹಾಕಿ, ಹೆಡ್‌ಮಾಸ್ತರನ್ನ ಕರೆಸಿ ಎರಡು ಮಾತಾಡಿಸೋಣ."

ಅವರ ಔದಾರ್ಯದ ವೇಗ ಅಂಥದು. ನಾವು ಗಾಯ ತೋರಿಸುವುದರೊಳಗೆ ಅವರು ಸನ್ಮಾನ ಮಾಡಿಬಿಡುತ್ತಾರೆ. ಈ ಸುದ್ದಿಯನ್ನು ತಾರಸಿಯ ಮೇಲೆ ಹೇಳಿದಾಗ ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. "ಅಂಗಡಿ ಸಂಡಿಗೆ ಮನೆಗೆ ತರೋದಾ? ನೋಡ್ದೋರು ಏನಂದಾರು, ಈ ಮನೇಲಿ ಹೆಂಗಸರಿಗೆ ಕೈಯಿಲ್ವಾ ಅಂತಾರೆ" ಎಂದಳು ಒಬ್ಬಳು. "ರಾಯರೇ, ಶಾಮಿಯಾನ ಬೇಕಾದ್ರೆ ಕೊಡಿ, ಸಂಡಿಗೆ ಮೇಲೆ ಕಟ್ತೀವಿ" ಎಂದಳು ಇನ್ನೊಬ್ಬಳು. "ಶಾಮಿಯಾನ ಕಟ್ಟಿದ್ರೆ ಬಿಸಿಲು ಎಲ್ಲಿಂದ ಬರುತ್ತೆ ಮಾರಾಯ್ತಿ?" ಎಂದು ಮೂರನೆಯವಳು ಅವಳ ತಲೆಗೆ ಮೊಟಕಿದಳು. ಗೌರಮ್ಮನವರು ಮಾತ್ರ ನಗಲಿಲ್ಲ. ಎರಡನೆಯ ಸಲ ಕಾಯಿಸಿದ ಹಿಟ್ಟಿನ ಮೇಲೆ ಅವರ ಕಣ್ಣೆದುರಿಗೇ ಕರಿ ಇಳಿಯುತ್ತಿತ್ತು.

ಮರುದಿನ ಭಾನುವಾರ. ಮಿಷಿನಿನ ಬೆಲ್ಟು ವಿಚಾರಿಸಿಕೊಂಡು ಬರುತ್ತೇನೆಂದು ನೆವ ಹೇಳಿ ಭದ್ರಾವತಿಯ ಬಸ್ಸು ಹತ್ತಿದೆ. ಅಲ್ಲಿ ನ್ಯೂ ಟೌನಿನಲ್ಲಿ ನನ್ನ ಹೆಂಡತಿಯ ತಮ್ಮನಿದ್ದಾನೆ. ಕಬ್ಬಿಣದ ವ್ಯವಹಾರವೆಲ್ಲ ತನಗೆ ಗೊತ್ತೆಂದು ಅವನ ನಂಬಿಕೆ. ಈ ಒಂದು ಸಲ ಅದು ನಿಜವಾಯಿತು. ಅವನು ನನ್ನನ್ನು ಆರ್ಮುಗಂ ಮೇಸ್ತ್ರಿ ಎಂಬ ತಗಡಿನ ಕೆಲಸದವನ ಶೆಡ್ಡಿಗೆ ಕರೆದುಕೊಂಡು ಹೋದ. ನಾನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಮ್ಮ ಚಿಮಣಿಯ ಚಿತ್ರ ಬರೆದೆ, ಪಕ್ಕದಲ್ಲಿ ಗುಡಿಯನ್ನೂ ಬರೆದೆ. ಮೇಸ್ತ್ರಿ ತಲೆ ಓರೆಮಾಡಿ ನೋಡಿ, "ಇದು ಚಿಮಣಿಯಾ ಸಾರ್? ಯಾರೋ ಸೇದಿ ಬಿಸಾಕಿದ ಬೀಡಿ ಮಾದಿರಿ ಇದೆ" ಎಂದ. ಆಮೇಲೆ, "ಮೇಲೊಂದು ತಗಡಿನ ಪೈಪು ಏರ್ಸಿ, ನಾಲ್ಕು ಕಡೆ ತಂತಿ ಬಿಗಿದ್ರೆ ಆಯ್ತು. ಹೊಟ್ಟು ಹಾರ್ದೇ ಇರೋಕೆ ತಲೆ ಮೇಲೊಂದು ಜಾಲರಿ. ದೊಡ್ಡ ಕೆಲಸವೇ ಅಲ್ಲ ಸಾರ್. ಇಷ್ಟು ವರ್ಷ ಯಾಕೆ ಸುಮ್ನಿದ್ರಿ?" ಎಂದ. ದೊಡ್ಡ ಕೆಲಸವೇ ಅಲ್ಲ ಎಂಬ ಮಾತು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಅಷ್ಟು ದೊಡ್ಡ ಚಿಂತೆಯನ್ನು ಹೊತ್ತು ತಿರುಗಿದವನಿಗೆ, ಅದರ ಪರಿಹಾರ ಇಷ್ಟು ಚಿಕ್ಕದೆಂದರೆ ಅವಮಾನವೇ ಸರಿ.

ಸೋಮವಾರ ಧೈರ್ಯವಾಗಿ ಮಲ್ಲೇಶಪ್ಪನವರ ಮುಂದೆ ನಿಂತು ಪೈಪಿನ ವಿಷಯ ಹೇಳಿದೆ. ಖರ್ಚಿಗೆ ಅವರು ಹಿಂದೆಮುಂದೆ ನೋಡಲಿಲ್ಲ. ಬೆರಳನ್ನು ಮೇಲಕ್ಕೆ ತೋರಿಸಿ, "ಕಳಸ?" ಎಂದರು. ಸ್ವಲ್ಪ ಹೊತ್ತಿನಲ್ಲಿ ಅವರ ಮುಖ ಬೆಳಗಿತು. "ಹೀಗೆ ಮಾಡಿದ್ರೆ ಹೇಗೆ ರಾಯರೇ? ಗುಡಿಗೆ ಒಂದು ಗೋಪುರ ಕಟ್ಟಿಸಿಬಿಡೋಣ. ಕಳಸ ಮೇಲೆ ಹೋಯ್ತು ಅಂದ್ರೆ ಅದರ ಹಿಂದೆ ಚಿಮಣೀನೂ ಹೋಗ್ಬಹುದು."

ಶಿಲ್ಪಿಗಳು ಬಂದು, ಕಲ್ಲು ಬಂದು, ಗೋಪುರ ಏರಿ, ಕುಂಭಾಭಿಷೇಕವಾಗುವ ಹೊತ್ತಿಗೆ ಗೌರಮ್ಮನವರ ಮೊಮ್ಮಕ್ಕಳ ಮದುವೆಯ ಸಂಡಿಗೆಯೂ ಕರ್ರಗಾಗಿರುತ್ತದೆ ಎಂಬುದು ನನ್ನ ಕಣ್ಣಿಗೆ ಕಟ್ಟಿತು. ಕೊನೆಯ ಬಾಣ ಬಿಟ್ಟೆ. "ಹಾಳಾಗ್ತಿರೋದ್ರಲ್ಲಿ ನಿಮ್ಮ ಮನೆ ಮದುವೆಯ ಸಂಡಿಗೇನೂ ಇದೆ, ಯಜಮಾನ್ರೇ."

ಈಗ ಬುದ್ಧಿ ಬರುತ್ತದೆ ಎಂದು ನಾನು ಕಾದು ಕೂತೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಓ, ಅದಕ್ಕೇನು? ನಮ್ಮ ಭದ್ರಾವತಿ ಮನೆ ತಾರಸಿ ಖಾಲಿ ಬಿದ್ದಿದೆ. ಗೌರಮ್ಮನವರನ್ನ ಕಾರಲ್ಲಿ ಕಳಿಸಿಕೊಡಿ" ಎಂದುಬಿಟ್ಟರು. ಶ್ರೀಮಂತರ ಕಷ್ಟಗಳಿಗೆ ಯಾವಾಗಲೂ ಇನ್ನೊಂದು ಊರಿನಲ್ಲಿ ಒಂದು ತಾರಸಿ ಇರುತ್ತದೆ.

ಗೌರಮ್ಮನವರು ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ, "ಅಲ್ಲಿ ಮಾಡಿದ್ರೆ ನಂದು ಬೆಳ್ಳಗಾಗುತ್ತೆ. ಇವರದು?" ಎಂದು ಸುತ್ತ ಕೂತಿದ್ದವರನ್ನು ತೋರಿಸಿದರು. "ಹತ್ತು ಕೈ ಸೇರಿ ಮಾಡೋ ಕೆಲಸ ಇದು. ಇವರನ್ನ ಕರಿ ತಿನ್ನೋಕೆ ಬಿಟ್ಟು ನಾನೊಬ್ಬಳು ಕಾರು ಹತ್ತಿದ್ರೆ, ನಾಳೆ ಈ ತಾರಸಿ ಮೇಲೆ ನನ್ನ ಜೊತೆ ಯಾರು ಕೂತಾರು? ಬರಲ್ಲ ಅಂತ ಹೇಳಿ ರಾಯರೇ. ಮದುವೆ ಸಂಡಿಗೆ ಬೇರೆಯವರಿಗೆ ಕೊಟ್ಟುಕೊಳ್ಳಲಿ." ಮಾತು ಮುಗಿಸಿ ಮತ್ತೆ ಹಿಟ್ಟಿಗೆ ಕೈ ಹಾಕಿದರು. ವರ್ಷದ ದೊಡ್ಡ ಕೆಲಸವನ್ನು ಅವರು ತಾವಾಗಿಯೇ ಕೈಬಿಡುತ್ತಿದ್ದರು. ದೊಡ್ಡ ಮನೆಯವರ ಕೆಲಸ ಕೈತಪ್ಪಿತೆಂದು ಊರಿಗೆ ಗೊತ್ತಾದರೆ ಸಣ್ಣ ಮನೆಯವರೂ ಬರುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಈ ಉತ್ತರವನ್ನು ಹೊತ್ತುಕೊಂಡು ನಾನು ಗಿರಣಿಗೆ ನಡೆದೆ.

"ಬರಲ್ಲ ಅಂದ್ರಾ?" ಮಲ್ಲೇಶಪ್ಪನವರಿಗೆ ಆಶ್ಚರ್ಯ. ಅದುವರೆಗೆ ಅವರಿಗೆ ಬರಲ್ಲ ಎಂದವರೇ ಇರಲಿಲ್ಲ. "ನಾನೇ ಹೋಗಿ ಕೇಳ್ತೀನಿ ನಡೀರಿ" ಎಂದು ಎದ್ದೇಬಿಟ್ಟರು. ಬಿಳಿ ಪಂಚೆ, ಬಿಳಿ ಜುಬ್ಬ, ಬಿಳಿ ಟೋಪಿ. ಮೂರಕ್ಕೂ ಗಂಜಿಯ ಇಸ್ತ್ರಿ. ಅವರು ಆ ಕೇರಿಗೆ ಬಂದು ಎಷ್ಟು ಕಾಲವಾಗಿತ್ತೋ. ಗಿರಣಿಯ ಮುಂಬಾಗಿಲು ಇನ್ನೊಂದು ಕಡೆಗೆ, ಗಾಳಿಯೂ ಅವರ ಮನೆಯ ಕಡೆಗೆ ಎಂದೂ ಹೋದದ್ದಿಲ್ಲ. ತಾರಸಿಯ ಮೇಲೆ ಅವರಿಗೆ ಮಣೆ ಹಾಕಿದರು. ಅವರು ಕೂತು, ಬಹಳ ಸೌಜನ್ಯದಿಂದ, "ಗೌರಮ್ಮನವರೇ, ನನ್ನ ಮಗಳು ನಿಮ್ಮ ಮಗಳಿದ್ದ ಹಾಗೆ" ಎಂದು ಆರಂಭಿಸಿದರು.

ಅಷ್ಟರಲ್ಲಿ ಬಾಯ್ಲರಿಗೆ ಹೊಸ ಹೊಟ್ಟು ಹಾಕಿದರೆಂದು ಕಾಣುತ್ತದೆ. ಮೋಟು ಚಿಮಣಿ ಒಮ್ಮೆ ಕೆಮ್ಮಿತು. ನಾವೆಲ್ಲ ತಲೆಯೆತ್ತಿ ನೋಡುತ್ತಿದ್ದಂತೆಯೇ ಕರಿ ನಿಧಾನವಾಗಿ ಇಳಿದು ಬಂದು ಯಜಮಾನರ ಭುಜದ ಮೇಲೆ, ಎದೆಯ ಮೇಲೆ, ಟೋಪಿಯ ಮೇಲೆ ಕೂತುಕೊಂಡಿತು. ಅವರು ಸಹಜವಾಗಿ ಕೈಯೆತ್ತಿ ಒರೆಸಿಕೊಳ್ಳಲು ಹೋದರು.

"ಒರೆಸ್ಬೇಡಿ, ಊದಿ!"

ಕೂಗಿದ್ದು ಒಬ್ಬರಲ್ಲ. ತಾರಸಿಯ ಮೇಲಿದ್ದ ಅಷ್ಟೂ ಜನ, ಅಜ್ಜಿಯರಿಂದ ಹಿಡಿದು ತೊದಲು ಮಾತಿನ ಕೂಸಿನವರೆಗೆ, ಒಟ್ಟಿಗೇ ಕೂಗಿದರು. ಗಾಬರಿಯಲ್ಲಿ ನಾನೂ ಕೂಗಿದೆ. ಸುಟ್ಟ ಹೊಟ್ಟಿನ ಗುಣವೇ ಹಾಗೆ. ಮೆಲ್ಲಗೆ ಊದಿದರೆ ಹಾರಿಹೋಗುತ್ತದೆ, ಕೈ ಹಚ್ಚಿದಿರೋ ಬಟ್ಟೆಗೆ ಬಳಿದುಕೊಂಡು ಅಗಸನಿಗೂ ಬಗ್ಗುವುದಿಲ್ಲ. ಆದರೆ ಕೂಗು ತಲುಪುವುದರೊಳಗೆ ಯಜಮಾನರ ಕೈ ತನ್ನ ಕೆಲಸ ಮುಗಿಸಿತ್ತು. ಜುಬ್ಬದ ಎದೆಯುದ್ದಕ್ಕೂ ಒಂದು ಕರೀ ಪಟ್ಟೆ. ಅವರು ಅದನ್ನು ನೋಡಿಕೊಂಡರು. ಆಮೇಲೆ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದರು. "ಊದಬೇಕು ಅಂತ ನಿಮಗೆಲ್ಲ ಹೇಗೆ ಗೊತ್ತು?" ಎಂದು ಕೇಳಿದರು.

ಕೂಸೊಂದು, ಕೇಳಿದ್ದಕ್ಕೆ ಮಾಡಿ ತೋರಿಸಬೇಕೆಂದುಕೊಂಡು, ಹತ್ತಿರ ಹೋಗಿ ಅವರ ಟೋಪಿಯ ಕಡೆಗೆ ಉಫ್ ಎಂದು ಊದಿತು. ಮಲ್ಲೇಶಪ್ಪನವರು ಎದ್ದುನಿಂತರು. ಗೌರಮ್ಮನವರನ್ನು ಕೇಳಬೇಕೆಂದು ಬಂದದ್ದನ್ನು ಕೇಳಲೇ ಇಲ್ಲ. ಮೆಟ್ಟಿಲು ಇಳಿದು, ಆ ಪಟ್ಟೆಯ ಜುಬ್ಬದಲ್ಲೇ ನೇರವಾಗಿ ಗುಡಿಗೆ ನಡೆದರು, ಹಿಂದೆ ನಾನು.

ಗುಡಿಯ ಅರ್ಚಕರಾದ ಶಂಭುಭಟ್ಟರು ಇವರನ್ನು ನೋಡಿದವರೇ, "ಛೆ ಛೆ, ಒರೆಸಿಬಿಟ್ರಾ? ಊದ್ಬೇಕಿತ್ತು" ಎಂದರು.

"ಭಟ್ಟರೇ, ದೇವರ ಮೇಲೂ ಬೀಳುತ್ತಾ ಇದು?"

ಭಟ್ಟರು ನನ್ನ ಮುಖ ನೋಡಿದರು. ನಾನು ನಂದಿಯ ಮುಖ ನೋಡಿದೆ. "ಬೀಳದೆ ಏನು? ದೇವರಿಗೆ ಬಾಯಿಂದ ಊದೋಹಾಗಿಲ್ಲವಲ್ಲ, ದಿನಾ ಬೀಸಣಿಗೆಯಿಂದ ಬೀಸಿ, ಆಮೇಲೆ ಅಭಿಷೇಕ" ಎಂದರು ಭಟ್ಟರು.

"ಮತ್ತೆ ಯಾಕೆ ಹೇಳಲಿಲ್ಲ?"

"ಕಳಸಕ್ಕೆ ಚಿನ್ನ ಹಾಕಿಸಿದವರಿಗೆ ಹೇಗೆ ಹೇಳೋದು ಯಜಮಾನ್ರೇ?"

"ಚಿಮಣಿ ಕಳಸಕ್ಕಿಂತ ಮೇಲೆ ಹೋದ್ರೆ?"

"ಕೈಲಾಸದ ಮೇಲೆ ಕೂತಿರೋನು ಅವನು. ಅಲ್ಲಿವರೆಗೆ ಹೋಗುತ್ತಾ ನಿಮ್ಮ ಚಿಮಣಿ?" ಎಂದರು ಭಟ್ಟರು. ಇಷ್ಟು ವರ್ಷ ಮಡಿಯಲ್ಲಿಟ್ಟಿದ್ದ ಮಾತು, ಹೊರಗೆ ಬಿದ್ದಾಗ ಅವರಿಗೇ ಹಗುರವಾದಂತೆ ಕಂಡಿತು.

ಅಂದೇ ಬಾಯ್ಲರು ನಿಂತಿತು. ಪೈಪು ಏರುವವರೆಗೆ ಹೊತ್ತಿಸಬೇಡಿ, ನಿಂತ ದಿನಗಳಿಗೆ ಆಳುಗಳ ಕೂಲಿಯನ್ನೂ ಹಿಡಿಯಬೇಡಿ, ಅವರು ಮಾಡಿದ ತಪ್ಪಲ್ಲ ಇದು ಎಂದರು ಮಲ್ಲೇಶಪ್ಪನವರು. ಮದುವೆಯ ಖರ್ಚಿನ ಕಾಲದಲ್ಲಿ ಗಿರಣಿ ನಿಲ್ಲಿಸಿದರಲ್ಲ ಎಂದು ಅವರ ಬದಲಿಗೆ ನಾನು ಚಿಂತಿಸಿದೆ. ಆರ್ಮುಗಂ ಮೇಸ್ತ್ರಿ ಬಂದು ಪೈಪು ಏರಿಸಿದ. ಉದ್ಘಾಟನೆ ಬೇಡ, ಶಾಮಿಯಾನ ಬೇಡ, ಹೆಡ್‌ಮಾಸ್ತರರೂ ಬೇಡ ಎಂದುಬಿಟ್ಟರು ಯಜಮಾನರು. ಸ್ವಾಗತ ಭಾಷಣದ ಅರ್ಧವನ್ನು ಆಗಲೇ ಸಿದ್ಧಮಾಡಿಟ್ಟುಕೊಂಡಿದ್ದ ನನಗೆ ಇದು ಸ್ವಲ್ಪ ಕಸಿವಿಸಿಯಾಯಿತೆಂದು ಮುಚ್ಚಿಡುವುದೇಕೆ? ಗೌರಮ್ಮನವರ ಮೂರನೆಯ ಸಲದ ಹಿಟ್ಟು, ಹತ್ತು ಕೈಗಳಲ್ಲಿ ಹಾದು, ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗೆ ಒಣಗಿ ಮದುವೆಯ ಮನೆಗೆ ಹೋಯಿತು. ಊಟದ ಪಂಕ್ತಿಯಲ್ಲಿ ಬೀಗರು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು. ಗೌರಮ್ಮನವರನ್ನು ಮಲ್ಲೇಶಪ್ಪನವರೇ ಅವರಿಗೆ ಪರಿಚಯ ಮಾಡಿಸಿದರು.

ಪಂಕ್ತಿ ಮುಗಿದ ಮೇಲೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಊದಬೇಕು ಅಂತ ನಿಮಗೂ ಗೊತ್ತಿತ್ತು, ಅಲ್ವೇ ರಾಯರೇ?" ಎಂದರು. ತಲೆಯಾಡಿಸಿದೆ. ಬೈಯಲಿಲ್ಲ. ಬೈದಿದ್ದರೆ ಒಂದು ವಾರದಲ್ಲಿ ಮರೆಯುತ್ತಿದ್ದೆ. "ನಿಮಗೆ ಚಿಂತೆ ಮಾಡೋ ಸ್ವಭಾವ. ಇನ್ನು ಮೇಲೆ ಮಾಡಿದ್ದರಲ್ಲಿ ಸ್ವಲ್ಪ ನನಗೂ ಹೇಳ್ತಾ ಇರಿ" ಎಂದರು.

ನನ್ನ ಚಿಂತೆಗೆ ಯಜಮಾನರ ಅಪ್ಪಣೆಯೇ ಸಿಕ್ಕಿದ ಮೇಲೆ ಕೇಳಬೇಕೆ? ಹೊಸ ಚಿಮಣಿಯ ಹೊಗೆ ಈಗ ನಮ್ಮ ಕೇರಿಯನ್ನು ದಾಟಿ ಮುಂದೆ ಹೋಗುತ್ತಿತ್ತು. ಎಲ್ಲರೂ ಹೋಯಿತಲ್ಲ ಎಂದು ಸಂತೋಷಪಟ್ಟರು. ಹೋದದ್ದು ಎಲ್ಲಿಗೆ ಎಂದು ಕೇಳಿದವನು ನಾನೊಬ್ಬನೇ. ಜಾಲರಿಯಿದ್ದರೇನು, ಸಣ್ಣದೊಂದು ಚೂರು ನುಸುಳಬಾರದೆಂದಿದೆಯೇ? ನಮ್ಮ ಪೀಡೆಯನ್ನು ಇನ್ನಾವುದೋ ಕೇರಿಗೆ ದಾಟಿಸಿ ನಾವು ಬೆಳ್ಳಗಾದೆವೇ? ಮುಂದಿನ ಭಾನುವಾರ ಬೆಳಿಗ್ಗೆ, ಬಿಸಿಲಿಗೆಂದು ಛತ್ರಿ ಹಿಡಿದು, ಹೊಗೆ ಹೋದ ದಿಕ್ಕನ್ನೇ ನೋಡುತ್ತ ಹೊರಟೆ. ಆಕಾಶ ನೋಡುತ್ತ ನಡೆಯುವವನಿಗೆ ಕಾಲಡಿ ಏನೇನು ಸಿಗುತ್ತದೆಂಬುದನ್ನು ಬರೆಯುವಂತಿಲ್ಲ. ಅಂತೂ ಗುರುತಿಲ್ಲದ ಒಂದು ಬೀದಿಯಲ್ಲಿ, ಒಂದು ಮನೆಯ ತಗ್ಗಿನ ತಾರಸಿಯ ಮೇಲೆ ಸಂಡಿಗೆ ಒಣಗಿಸಿದ್ದು ಕಾಣಿಸಿತು. ಕಾಂಪೌಂಡಿನ ಹೊರಗೇ ತುದಿಗಾಲಲ್ಲಿ ನಿಂತು, ಕತ್ತು ಉದ್ದ ಮಾಡಿ, ಎಳ್ಳಿನ ಹಾಗಿರುವುದೇನಾದರೂ ಇದೆಯೇ ಎಂದು ಇಣುಕುತ್ತಿದ್ದೆ.

"ಯಾರ್ರೀ ಅದು? ಏನು ನೋಡ್ತಿದ್ದೀರಿ?" ಎಂದು ಮೇಲಿನಿಂದ ಒಬ್ಬ ಹಿರಿಯ ಹೆಂಗಸು ಗದರಿದರು.

ವಿವರಿಸಲು ಹೋದೆ. ಗಿರಣಿ, ಗಾಳಿ, ಗುಡಿ ಎಂದು ತೊದಲಿದೆ. ಆಕೆಗೆ ಏನರ್ಥವಾಯಿತೋ, ನನ್ನ ಕೈಯಲ್ಲಿದ್ದ ಕರೀ ಛತ್ರಿಯನ್ನು ನೋಡಿದರು. "ಹೇಗೂ ಸುಮ್ನೆ ನಿಂತಿದ್ದೀರಿ. ಮೇಲೆ ಬಂದು ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೇ, ಒಲೆ ಮೇಲೆ ಅನ್ನ ಇಟ್ಟು ಬಂದಿದ್ದೀನಿ. ಈ ಹಾಳು ಕಾಗೆಗಳು ಒಂದೂ ಬಿಡಲ್ಲ" ಎಂದರು.

ಹೀಗೆ ಒಂದು ಗಿರಣಿಯ ಮ್ಯಾನೇಜರನ್ನು ಆ ಭಾನುವಾರ ಮಧ್ಯಾಹ್ನದವರೆಗೆ ಗುರುತಿಲ್ಲದವರ ತಾರಸಿಯ ಮೇಲೆ, ಛತ್ರಿ ಮುಚ್ಚಿ ತೆರೆದು ಮಾಡುತ್ತ ಕಾಗೆ ಓಡಿಸುವ ಕೆಲಸಕ್ಕೆ ಹಚ್ಚಿದರು. ಪ್ರತಿಯೊಂದು ಸಂಡಿಗೆಯನ್ನೂ ಬಗ್ಗಿ ನೋಡಿದೆ. ಒಂದು ಚೂರು ಕರಿಯೂ ಇರಲಿಲ್ಲ. ಇಳಿದು ಬರುವಾಗ ಆಕೆ ತಮ್ಮ ಗಂಡನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಯಾರೋ ಪಾಪ, ಕೆಲಸವಿಲ್ಲದವರು. ಒಳ್ಳೆಯವರು. ಮುಂದಿನ ಭಾನುವಾರ ಹಪ್ಪಳ ಇದೆ, ಬಂದ್ರೆ ಬರಲಿ." ಆ ಭಾನುವಾರ ನನ್ನ ಹೆಂಡತಿಯ ತಮ್ಮನ ಮನೆಗೆ ಹೋಗುವುದೆಂದು ಗೊತ್ತಾಗಿದೆ. ಹೋಗದಿದ್ದರೆ ಮನೆಯಲ್ಲಿ ಉಳಿಗಾಲವಿಲ್ಲ. ಹೋದರೆ ಆಕೆಯ ಹಪ್ಪಳದ ಗತಿಯೇನು?